ಗಾರ್ಮಿನ್ ಎಡ್ಜ್ 540: ಕಾಡುಹಾದಿಗೆ ಒಗ್ಗಿಸಿಕೊಳ್ಳುವ ಬಗೆ

ಮೌಂಟನ್ ಬೈಕಿಗೆ ಜಿಪಿಎಸ್ ಕೊಳ್ಳುವವರು ಸ್ಕ್ರೀನಿನ ಅಳತೆಗಿಂತ ಮೊದಲು ಗುಂಡಿಗಳನ್ನು ನೋಡಬೇಕು. ಕೈಗವಸಿಗೆ ಕೆಸರು ಮೆತ್ತಿ, ಮೇಲಿಂದ ಮಳೆಯೂ ಹನಿಯುವಾಗ ಟಚ್‌ಸ್ಕ್ರೀನಿಗೆ ಬೆರಳು ಯಾವುದು, ನೀರು ಯಾವುದು ಎಂದು ತಿಳಿಯುವುದಿಲ್ಲ. ಪುಟ ತಾನಾಗಿ ಬದಲಾಗುತ್ತದೆ. 2023ರಲ್ಲಿ ಬಂದ ಎಡ್ಜ್ 540ರಲ್ಲಿ ಟಚ್ ಇಲ್ಲ, ಸುತ್ತಲೂ ಏಳು ಗುಂಡಿಗಳಿವೆ. ಜೊತೆಯಲ್ಲೇ ಬಂದ 840ರಲ್ಲಿ ಗುಂಡಿಗಳ ಜೊತೆಗೆ ಟಚ್ಚೂ ಇದೆ. ನಕ್ಷೆಯನ್ನು ಬೆರಳಲ್ಲಿ ಎಳೆದಾಡಿ ನೋಡಲೇಬೇಕು ಎನ್ನುವವರಿಗೆ ಅದು ಸರಿ. ಟ್ರೇಲ್ ಸವಾರಿಯೇ ಮುಖ್ಯವಾದರೆ 540 ಸಾಕು. ಆದರೆ ಅದರ ಹಲವು ಸೆಟ್ಟಿಂಗ್‌ಗಳು ಡಾಂಬರು ರಸ್ತೆಗೆ ಹೊಂದುವಂಥವು. ಅವನ್ನು ಬದಲಿಸದೆ ಕಾಡಿಗೆ ಒಯ್ದರೆ ಒಳ್ಳೆಯ ಸಾಧನವೂ ದಾರಿ ತಪ್ಪಿಸುತ್ತದೆ.

ಈ ಸಾಧನದ ದೊಡ್ಡ ಬಲ ಮಲ್ಟಿಬ್ಯಾಂಡ್, ಅಂದರೆ ಉಪಗ್ರಹದ ಸಂಕೇತವನ್ನು ಎಲ್1, ಎಲ್5 ಎಂಬ ಎರಡು ಆವರ್ತನಗಳಲ್ಲಿ ಓದುವುದು. ದಟ್ಟ ಮರಗಳ ಕೆಳಗೆ, ಬಂಡೆಗಳ ಪಕ್ಕದಲ್ಲಿ ಉಪಗ್ರಹದ ಸಂಕೇತ ನೇರವಾಗಿ ಬರುವುದರ ಜೊತೆಗೆ ಅಲ್ಲಿ ಇಲ್ಲಿ ಬಡಿದು ತಡವಾಗಿಯೂ ಬರುತ್ತದೆ. 1575.42 ಮೆಗಾಹರ್ಟ್ಸ್‌ನ ಎಲ್1 ಒಂದನ್ನೇ ಓದುವ ಸಾಧನಕ್ಕೆ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಹಾಗಾಗಿ ಸವಾರಿಯ ಗೆರೆ ಹಾದಿ ಬಿಟ್ಟು ಪೊದೆಯೊಳಗೆ ನುಗ್ಗಿದಂತೆ ಕಾಣುತ್ತದೆ. 1176.45 ಮೆಗಾಹರ್ಟ್ಸ್‌ನ ಎಲ್5ರ ಕೋಡ್ ಎಲ್1ರ ಸಾಮಾನ್ಯ ಕೋಡ್‌ಗಿಂತ ಹತ್ತು ಪಟ್ಟು ವೇಗದ್ದು. ತಡವಾಗಿ ಬಂದ ಪ್ರತಿಫಲನವನ್ನು ಅದು ಚೆನ್ನಾಗಿ ಗುರುತಿಸುತ್ತದೆ. ಮೌಂಟನ್ ಪ್ರೊಫೈಲ್‌ನ ಉಪಗ್ರಹ ಆಯ್ಕೆಯಲ್ಲಿ ಮಲ್ಟಿಬ್ಯಾಂಡ್ ಇರುವುದನ್ನು ಖಚಿತಪಡಿಸಿಕೊಳ್ಳಿ. ರೆಕಾರ್ಡಿಂಗ್ 'ಸ್ಮಾರ್ಟ್' ಎಂದಿದ್ದರೆ ಸೆಕೆಂಡಿಗೊಮ್ಮೆ ಎಂದು ಮಾಡಿ. ಸ್ಮಾರ್ಟ್ ಕ್ರಮದಲ್ಲಿ ಬಿಂದುಗಳು ವಿರಳವಾಗಿ, ಹೇರ್‌ಪಿನ್ ತಿರುವಿನ ತುದಿಯೇ ಗೆರೆಯಲ್ಲಿ ಕತ್ತರಿಸಿಹೋಗುತ್ತದೆ.

ಸೆಕೆಂಡಿಗೊಂದು ಬಿಂದು ಇದ್ದರೂ ಬಿಗಿಯಾದ ತಿರುವುಗಳಲ್ಲಿ ದೂರ ಕಡಿಮೆಯೇ ಬರುತ್ತದೆ. ಬಿಂದುಗಳ ನಡುವೆ ಜಿಪಿಎಸ್‌ಗೆ ಗೊತ್ತಿರುವುದು ನೇರ ಗೆರೆ ಮಾತ್ರ. ದೂರ ನಿಖರವಾಗಿ ಬೇಕಿದ್ದರೆ ಚಕ್ರದ ನಡುವಿನ ಹಬ್‌ಗೆ ಕಟ್ಟುವ ವೇಗದ ಸೆನ್ಸರ್ ಹಾಕಿ. ಚಕ್ರದ ಸುತ್ತಳತೆಯನ್ನು ಸ್ವಯಂಚಾಲಿತವಾಗಿ ಬಿಟ್ಟರೆ ಅದು ಅದೇ ಜಿಪಿಎಸ್ ದೂರದಿಂದಲೇ ಲೆಕ್ಕ ಹಾಕುತ್ತದೆ, ಅಂದರೆ ತಪ್ಪು ತಪ್ಪಾಗಿಯೇ ಉಳಿಯುತ್ತದೆ. 29x2.3 ಟೈರಿಗೆ ಪಟ್ಟಿಗಳಲ್ಲಿ 2326 ಮಿ.ಮೀ. ಎಂದಿರುತ್ತದೆ, ಆದರೆ ಟ್ರೇಲ್‌ನ ಕಡಿಮೆ ಗಾಳಿಯಲ್ಲಿ, ಸವಾರನ ಭಾರಕ್ಕೆ ಟೈರ್ ತಗ್ಗಿ ಇದಕ್ಕಿಂತ ಕಮ್ಮಿಯಾಗುತ್ತದೆ. ವಾಲ್ವ್ ನೆಲದ ಕಡೆಗಿರುವಾಗ ಗುರುತು ಹಾಕಿ, ಸೀಟಿನ ಮೇಲೆ ಕುಳಿತೇ ಐದು ಸುತ್ತು ಉರುಳಿಸಿ, ಅಳೆದು ಐದರಿಂದ ಭಾಗಿಸಿ. ಆ ಸಂಖ್ಯೆಯನ್ನು ಕೈಯಾರೆ ನಮೂದಿಸಿ.

ಎತ್ತರಕ್ಕೆ ಒಳಗೊಂದು ಗಾಳಿಯೊತ್ತಡದ ಸೆನ್ಸರ್ ಇದೆ. ಸಮುದ್ರಮಟ್ಟದ ಹತ್ತಿರ ಸುಮಾರು 8 ಮೀಟರಿಗೆ 1 ಹೆಕ್ಟೋಪಾಸ್ಕಲ್ ಒತ್ತಡ ಇಳಿಯುತ್ತದೆ. ಹೀಗಾಗಿ ಹವೆ ಬದಲಾದರೆ ನಿಂತಲ್ಲೇ ನಿಂತಿದ್ದರೂ ಎತ್ತರ ಬದಲಾಗಿ ತೋರುತ್ತದೆ. ಹೊರಡುವ ಜಾಗದ ಎತ್ತರ ಗೊತ್ತಿದ್ದರೆ ಅದನ್ನೇ ಕೊಟ್ಟು ಶುರುಮಾಡಿ. ಏರಿನ ಅಂಕಿ ಇದ್ದಕ್ಕಿದ್ದಂತೆ ಹೆಪ್ಪುಗಟ್ಟಿದರೆ ಸೆನ್ಸರಿನ ಸಣ್ಣ ರಂಧ್ರದಲ್ಲಿ ನೀರೋ ಕೆಸರೋ ಕೂತಿರುತ್ತದೆ. ಬಟ್ಟೆಯಿಂದ ಒರೆಸಿ, ನೀರಿನಲ್ಲಿ ತೊಳೆದು ಒಣಗಲು ಬಿಡಿ. ಸೂಜಿ ಮಾತ್ರ ಹಾಕಬೇಡಿ.

ಹಾದಿ ತಪ್ಪಿದಾಗ ಮರುಲೆಕ್ಕ ಹಾಕುವ ಸೌಲಭ್ಯವನ್ನು ಪೂರ್ತಿ ನಿಲ್ಲಿಸಿ. ನಕ್ಷೆಯಲ್ಲಿಲ್ಲದ ಟ್ರೇಲ್‌ನಲ್ಲಿರುವಾಗ ಅದು ಹತ್ತಿರದ ರಸ್ತೆಗೆ ಎಳೆದುಕೊಂಡು ಹೋಗಲು ನೋಡುತ್ತದೆ, ನಡುವೆ ಕಣಿವೆ ಇರಲಿ, ಹೊಳೆ ಇರಲಿ. ಹಾದಿಯ ಬಿಂದುಗಳಿರುವ ಜಿಪಿಎಕ್ಸ್ ಫೈಲನ್ನು ಹಾಕುವಾಗಲೂ ಕೆಲವೇ ಬಿಂದುಗಳ 'ರೂಟ್' ಬಿಟ್ಟು, ಪೂರ್ತಿ ಗೆರೆಯಿರುವ 'ಟ್ರ್ಯಾಕ್' ಆರಿಸಿ. ನಿಂತಾಗ ದಾಖಲೆಯನ್ನು ತಾನಾಗಿ ತಡೆಯುವ ಆಟೋ ಪಾಸ್ ಕೂಡ ಬೇಡ: ಕಡಿದಾದ ಏರಿನಲ್ಲಿ ವೇಗ ತೀರಾ ಇಳಿದಾಗ, ಬೈಕ್ ಹೊತ್ತು ನಡೆಯುವಾಗ ದಾಖಲೆಯೇ ನಿಂತುಬಿಡುತ್ತದೆ.

ಸವಾರಿಗೆ ಸಾಧನ ಕೊಡುವ ಗ್ರಿಟ್ (ಹಾದಿಯ ಕಷ್ಟ), ಫ್ಲೋ, ಜಂಪ್ (ಹಾರಿದ ಲೆಕ್ಕ) ಎಂಬ ಅಂಕಿಗಳಲ್ಲಿ ಫ್ಲೋ ಒಂದೇ ನಿಜವಾಗಿ ಉಪಯೋಗಕ್ಕೆ ಬರುವುದು. ತಿರುವಿನಲ್ಲಿ ವೇಗ ಎಷ್ಟು ಹದವಾಗಿ ಉಳಿಯಿತು ಎಂದು ಅದು ತೋರಿಸುತ್ತದೆ, ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಅದೇ ಟ್ರೇಲ್‌ನ ಎರಡು ಸವಾರಿಗಳನ್ನು ಹೋಲಿಸಿದರೆ ಮಾತ್ರ ಅದಕ್ಕೆ ಅರ್ಥ.

ಬ್ಯಾಟರಿ ಭಾರೀ ಬಳಕೆಯಲ್ಲಿ 26 ಗಂಟೆ ಎನ್ನುತ್ತದೆ ಕಂಪನಿ. ಬ್ಯಾಕ್‌ಲೈಟ್ ಸದಾ ಉರಿಯುತ್ತಿದ್ದರೆ, ಚಳಿ ಹೆಚ್ಚಿದ್ದರೆ ಇದು ಗಣನೀಯವಾಗಿ ಇಳಿಯುತ್ತದೆ. ಚಾರ್ಜಿಂಗ್ ಪೋರ್ಟಿನ ರಬ್ಬರ್ ಮುಚ್ಚಳವನ್ನು ತೊಳೆಯುವ ಮುನ್ನ ಒತ್ತಿ ನೋಡಿ. ನೀರು ತಡೆಯುವ ಅದರ ಮಟ್ಟ ಐಪಿಎಕ್ಸ್7, ಎಂದರೆ 1 ಮೀಟರ್ ಆಳದ ನಿಂತ ನೀರಲ್ಲಿ 30 ನಿಮಿಷ. ಪ್ರೆಷರ್ ವಾಷರಿನ ರಭಸ ಆ ಲೆಕ್ಕದಲ್ಲಿಲ್ಲ.

ಇನ್ನು ಮೌಂಟ್. ಹ್ಯಾಂಡಲ್‌ಬಾರಿನ ಮುಂದಕ್ಕೆ ಚಾಚುವ ಮೌಂಟ್ ರಸ್ತೆಗೆ ಚೆಂದ. ಟ್ರೇಲ್‌ನಲ್ಲಿ ಬೈಕ್ ಮಗುಚಿದಾಗ ಮೊದಲ ಪೆಟ್ಟು ಅದಕ್ಕೇ. ರಬ್ಬರ್ ಪಟ್ಟಿಯದು ಕುಲುಕಾಟಕ್ಕೆ ತಿರುಗಿಬಿಡುತ್ತದೆ. ಹ್ಯಾಂಡಲ್‌ಬಾರನ್ನು ಹಿಡಿದಿರುವ ಸ್ಟೆಮ್ ಮೇಲೆ ಸ್ಕ್ರೂ ಹಾಕಿ ಕೂರಿಸುವ ಮೌಂಟೇ ಲೇಸು. ಹೇಗೆ ಕಟ್ಟಿದರೂ ಸಾಧನದ ಹಿಂಬದಿಯ ಪ್ಲಾಸ್ಟಿಕ್ ಕಿವಿಗಳೇ ಮೊದಲು ಮುರಿಯುವ ಭಾಗ. ಆದ್ದರಿಂದ ಸಾಧನಕ್ಕೆ ಕಟ್ಟಿದ ದಾರವನ್ನು ಹ್ಯಾಂಡಲ್‌ಬಾರಿಗೆ ಒಂದು ಸುತ್ತು ಹಾಕಿಯೇ ಹೊರಡಿ. ಕಿವಿ ಮುರಿದರೂ ಸಾಧನ ಪೊದೆಗೆ ಹಾರದೆ ನೇತಾಡಿಕೊಂಡಿರುತ್ತದೆ.