ಕಾಮಿಕ್ಸ್‌ಗೆ ಹೊಸಬರಾದರೆ ಮೊದಲು ಯಾರು: ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್?

ಕಳೆದ ಬೇಸಿಗೆ ರಜೆಗೆ ಅಕ್ಕನ ಮಗಳು ಚಳ್ಳಕೆರೆಯಿಂದ ನಮ್ಮನೆಗೆ, ದಾವಣಗೆರೆಗೆ ಬಂದಿದ್ದಳು. ಏಳನೇ ಕ್ಲಾಸ್ ಮುಗಿಸಿದ ಹುಡುಗಿ. ಸೂಪರ್‌ಹೀರೋ ಸಿನಿಮಾ ಒಂದನ್ನೂ ಬಿಟ್ಟಿಲ್ಲ, ಕಾಮಿಕ್ಸ್ ಒಂದನ್ನೂ ಮುಟ್ಟಿಲ್ಲ. "ಮಾಮಾ, ಇಷ್ಟೊಂದು ಪುಸ್ತಕ ಇದೆಯಲ್ಲ, ಎಲ್ಲಿಂದ ಶುರು ಮಾಡಲಿ?" ಅಂದಳು. ಇಪ್ಪತ್ತು ವರ್ಷದಿಂದ ಓದುತ್ತಿದ್ದೇನೆ, ಆದರೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅದೇ ವಾರ ಬಟ್ಟೆ ಅಂಗಡಿ ಇಟ್ಟಿರುವ ಗೆಳೆಯನೊಬ್ಬ ಅದನ್ನೇ ಕೇಳಿದ. ಅವನಿಗೆ ನಲವತ್ತೆರಡು. ಸರಿ, ಇಬ್ಬರ ಮೇಲೂ ಪ್ರಯೋಗ ಮಾಡಿಯೇ ಬಿಡೋಣ ಅಂದುಕೊಂಡೆ.

ಮೊದಲೇ ಒಂದು ಮಾತು. "ಒಂದನೇ ಸಂಚಿಕೆಯಿಂದ ಶುರು ಮಾಡ್ತೀನಿ" ಅನ್ನುವ ಹಟ ಬೇಡ. ನಾನು ಹಾಗೆ ಮಾಡಿ ಆರು ತಿಂಗಳು ಕಳೆದೆ. 1938ರ ಮೊದಲ ಸೂಪರ್‌ಮ್ಯಾನ್ ಕಥೆ ಇತಿಹಾಸವಾಗಿ ಮಜವಾಗಿದೆ, ನಿಜ. ಆಗ ಅವನಿಗೆ ಹಾರಲು ಬರುತ್ತಿರಲಿಲ್ಲ, ಬರೀ ಜಿಗಿಯುತ್ತಿದ್ದ. ಒಂದು ಜಿಗಿತಕ್ಕೆ ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್. ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟ್ ಬಿದ್ದಾಗ ನಮಗೆ ಅಷ್ಟು ಬಂದಿದ್ದರೂ ಸಾಕಿತ್ತು! ಆ ಕಥೆಯಲ್ಲಿ ಅವನು ಹೆಂಡತಿಗೆ ಹೊಡೆಯುವ ಗಂಡನೊಬ್ಬನಿಗೆ ಬುದ್ಧಿ ಕಲಿಸುತ್ತಾನೆ. ಬರೆದ ಜೆರ್ರಿ ಸೀಗಲ್, ಚಿತ್ರ ಬಿಡಿಸಿದ ಜೋ ಶಸ್ಟರ್ ಇಬ್ಬರೂ ಆಗ ಎಳೆಯ ಹುಡುಗರು. 130 ಡಾಲರ್‌ಗೆ ಹಕ್ಕನ್ನೆಲ್ಲ ಮಾರಿಬಿಟ್ಟರು. ಇದನ್ನೆಲ್ಲ ತಿಳಿದುಕೊಳ್ಳಿ. ಆದರೆ ಆ ಕಾಲದ ಕಥೆಗಳನ್ನು ಸಾಲಾಗಿ ಓದಲು ಕೂತರೆ ಹತ್ತನೆಯದಕ್ಕೆ ನಿದ್ದೆ ಬರುತ್ತದೆ.

ಹಾಗಾಗಿ ಕಪಾಟಿನಿಂದ ಮೂರು ಪುಸ್ತಕ ಇಳಿಸಿದೆ. ಸೂಪರ್‌ಮ್ಯಾನ್‌ಗೆ 'ಆಲ್-ಸ್ಟಾರ್ ಸೂಪರ್‌ಮ್ಯಾನ್'. ಬ್ಯಾಟ್‌ಮ್ಯಾನ್‌ಗೆ 1987ರ 'ಇಯರ್ ಒನ್'. ಸ್ಪೈಡರ್‌ಮ್ಯಾನ್‌ಗೆ ಮಾತ್ರ ನನ್ನ ಮಾತನ್ನು ನಾನೇ ಮುರಿದು 1962ರ ಮೊದಲ ಕಥೆಗಳ ಸಂಗ್ರಹ.

ಹುಡುಗಿ ಮೊದಲು ಎತ್ತಿಕೊಂಡದ್ದು ಬ್ಯಾಟ್‌ಮ್ಯಾನ್. ಅರ್ಧ ಗಂಟೆಯಲ್ಲಿ ವಾಪಸ್ ತಂದಿಟ್ಟಳು. ಕಥೆ ಅರ್ಥವಾಗದೆ ಅಲ್ಲ, ಅಕ್ಷರ ಓದಲಾಗದೆ. ಈ ಪುಸ್ತಕದಲ್ಲಿ ಬ್ರೂಸ್ ವೇನ್, ಅಂದರೆ ವೇಷದ ಹಿಂದಿನ ಬ್ಯಾಟ್‌ಮ್ಯಾನ್, ಮನಸ್ಸಿನಲ್ಲಿ ಅಂದುಕೊಳ್ಳುವುದೆಲ್ಲ ಡೈರಿ ಬರೆದ ಹಾಗೆ ಇಂಗ್ಲಿಷಿನ ಕೂಡಕ್ಷರದಲ್ಲಿ, ಕರ್ಸಿವ್‌ನಲ್ಲಿದೆ. ಕನ್ನಡ ಮೀಡಿಯಂ ಹುಡುಗಿಗೆ ಅದು ಡಾಕ್ಟರ ಚೀಟಿಯ ಹಾಗೆ ಕಂಡಿತು. ಇಂಥದ್ದೊಂದು ತೊಡಕು ಇದೆ ಅಂತ ಇಷ್ಟು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ. ಜೊತೆಗೆ ಮೊದಲ ಅಧ್ಯಾಯದಲ್ಲಿ ಬಾವಲಿ ವೇಷವೇ ಇಲ್ಲ. ಬ್ರೂಸ್ ಸುಮ್ನೆ ಮಾಮೂಲಿ ಬಟ್ಟೆಯಲ್ಲಿ ಬೀದಿಗಿಳಿದು, ಒದೆ ತಿಂದು, ಗಾಯ ಮಾಡಿಕೊಂಡು ಮನೆಗೆ ಬರುತ್ತಾನೆ. ಕಿಟಕಿ ಗಾಜು ಒಡೆದುಕೊಂಡು ಬಾವಲಿ ಒಳಗೆ ಬರುವ ಹೊತ್ತಿಗೆ ಹುಡುಗಿ ಎದ್ದು ಹೋಗಿದ್ದಳು.

ಅದೇ ಪುಸ್ತಕವನ್ನು ಗೆಳೆಯನಿಗೆ ಕೊಟ್ಟೆ. ಎರಡು ದಿನದಲ್ಲಿ ಮುಗಿಸಿದ. "ಇದು ಬ್ಯಾಟ್‌ಮ್ಯಾನ್ ಕಥೆ ಅಲ್ಲ ಕಣೋ, ಆ ಪೊಲೀಸಪ್ಪನ ಕಥೆ" ಅಂದ. ಸರಿಯಾಗಿಯೇ ಹಿಡಿದಿದ್ದ. ಜಿಮ್ ಗಾರ್ಡನ್ ಹೊಸ ಊರಿಗೆ ಬರುತ್ತಾನೆ, ಹೆಂಡತಿ ಬಸುರಿ, ಠಾಣೆಯಲ್ಲಿ ಎಲ್ಲರೂ ಲಂಚ ತಿನ್ನುವವರು. ತಾನು ತಿನ್ನಲ್ಲ ಅಂದಿದ್ದಕ್ಕೆ ಸಹೋದ್ಯೋಗಿಗಳೇ ಕತ್ತಲಲ್ಲಿ ಹಿಡಿದು ಹೊಡೆಯುತ್ತಾರೆ. ವ್ಯಾಪಾರ ಮಾಡುವವನಿಗೆ ಇದೆಲ್ಲ ಬಿಡಿಸಿ ಹೇಳಬೇಕಾ? ಬರೆದದ್ದು ಫ್ರಾಂಕ್ ಮಿಲ್ಲರ್, ಚಿತ್ರ ಡೇವಿಡ್ ಮಟ್ಸುಕೆಲ್ಲಿ. ನಾಲ್ಕೇ ಸಂಚಿಕೆ, ಹಿಂದಿನದೇನೂ ಗೊತ್ತಿರಬೇಕಾಗಿಲ್ಲ. ಬ್ಯಾಟ್‌ಮ್ಯಾನ್ ಹುಟ್ಟಿದ್ದು 1939ರಲ್ಲಿ, ಆದರೆ ದೊಡ್ಡವರಾದ ಮೇಲೆ ಕಾಮಿಕ್ಸ್ ಹಿಡಿಯುವವರಿಗೆ ನಾನು ಕೊಡುವುದು ಈ ಪುಸ್ತಕವನ್ನೇ. ಮಕ್ಕಳಿಗೆ ಬೇಡ.

ಸೂಪರ್‌ಮ್ಯಾನ್ ವಿಷಯ ಇನ್ನೊಂದು ತರ. ಗ್ರಾಂಟ್ ಮಾರಿಸನ್ ಬರೆದು ಫ್ರಾಂಕ್ ಕ್ವೈಟ್ಲಿ ಚಿತ್ರ ಬಿಡಿಸಿದ ಈ ಪುಸ್ತಕದಲ್ಲಿ ಅವನ ಹುಟ್ಟಿನ ಕಥೆ ಒಂದೇ ಪುಟ. ನಾಲ್ಕು ಚಿತ್ರ, ಇಂಗ್ಲಿಷಿನಲ್ಲಿ ಎಂಟೇ ಪದ. ಮಾತು ಕಡಿಮೆ ಇರುವುದರಿಂದ ಹುಡುಗಿ ಸರಸರನೆ ಪುಟ ತಿರುಗಿಸಿದಳು. ಆದರೆ ಮುಗಿಸಿದ ಮೇಲೆ "ಇವನಿಗೆ ಏನೂ ಆಗಲ್ಲ ಅಲ್ವಾ ಮಾಮಾ, ಮತ್ತೆ ಯಾಕೆ ಓದಬೇಕು?" ಅಂದಳು. ಸಾಯುವ ದಿನ ಹತ್ತಿರ ಬಂದಿದೆ ಅಂತ ಗೊತ್ತಾದವನ ಕಥೆ ಅದು, ಆದರೂ ಅವಳಿಗೆ ಭಯ ಹುಟ್ಟಲಿಲ್ಲ. ಸೂಪರ್‌ಮ್ಯಾನ್ ಬಗ್ಗೆ ಎಲ್ಲರ ದೂರೂ ಇದೇ. ನನ್ನ ಮಟ್ಟಿಗೆ ಮೂರರಲ್ಲಿ ಇದೇ ದೊಡ್ಡ ಪುಸ್ತಕ. ಒಂದು ಪುಟವಿದೆ: ಎತ್ತರದ ಕಟ್ಟಡದ ಅಂಚಿನಲ್ಲಿ ಒಬ್ಬ ಹುಡುಗಿ ನಿಂತಿರುತ್ತಾಳೆ, ಕಣ್ಣು ಮುಚ್ಚಿಕೊಂಡು. ಹಿಂದಿನಿಂದ ಬಂದು ಸೂಪರ್‌ಮ್ಯಾನ್ ಅವಳ ಹೆಗಲ ಮೇಲೆ ಕೈ ಇಡುತ್ತಾನೆ, ಎರಡು ಮಾತು ಆಡುತ್ತಾನೆ, ಅಪ್ಪಿಕೊಳ್ಳುತ್ತಾನೆ. ಅಷ್ಟೇ. ಗುದ್ದಾಟ ಇಲ್ಲ, ಹಾರಾಟ ಇಲ್ಲ. ಈ ಪುಟ ತಟ್ಟಬೇಕಾದರೆ ಅದಕ್ಕೂ ಮೊದಲು ಅವನು ಬೆಟ್ಟ ಎತ್ತುವುದನ್ನು ಸಾಕಷ್ಟು ಸಲ ನೋಡಿರಬೇಕು. ಅದಕ್ಕೇ ಇದು ಮೊದಲ ಪುಸ್ತಕ ಅಲ್ಲ, ಐದನೆಯದೋ ಆರನೆಯದೋ.

ಇನ್ನು ಸ್ಪೈಡರ್‌ಮ್ಯಾನ್. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೋ 1962ರಲ್ಲಿ ಮಾಡಿದ ಮೊದಲ ಕಥೆ ಬರೀ 11 ಪುಟ, ಅದೂ ನಿಂತುಹೋಗಲಿದ್ದ ಒಂದು ಪತ್ರಿಕೆಯ ಕೊನೆಯ ಸಂಚಿಕೆಯಲ್ಲಿ. ಪುಟದ ತುಂಬ ಮಾತು. ಇವಳಿಗೆ ಕಷ್ಟವಾಗುತ್ತದೆ ಅಂದುಕೊಂಡೆ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದೆ, ಇಬ್ಬರೂ ಫ್ಯಾನ್ ಕೆಳಗೆ ಕೂತೆವು. 1963ರಲ್ಲಿ ಅವನದೇ ಹೆಸರಿನ ಪತ್ರಿಕೆ ಶುರುವಾಯಿತಲ್ಲ, ಅದರ ಮೊದಲ ಸಂಚಿಕೆಗೆ ಬಂದಿದ್ದೆವು. ಅವನನ್ನು ಸಾಕಿದ ಅಂಕಲ್ ಬೆನ್ ಸತ್ತಿದ್ದಾನೆ, ಮನೆಯಲ್ಲಿ ದುಡ್ಡಿಲ್ಲ, ಬೆನ್‌ನ ಹೆಂಡತಿ ಆಂಟ್ ಮೇ ಬಾಡಿಗೆಗೆ ಒದ್ದಾಡುತ್ತಿದ್ದಾಳೆ. ಸ್ಪೈಡರ್‌ಮ್ಯಾನ್ ಪ್ರದರ್ಶನ ಕೊಟ್ಟು ಚೆಕ್ ತಗೊಳ್ಳುತ್ತಾನೆ. ವೇಷದಲ್ಲೇ ಬ್ಯಾಂಕಿಗೆ ಹೋಗುತ್ತಾನೆ. ಚೆಕ್ ಇರುವುದು 'ಸ್ಪೈಡರ್‌ಮ್ಯಾನ್' ಹೆಸರಿಗೆ. ಕೌಂಟರಿನವನು ಗುರುತಿನ ಪುರಾವೆ ಕೇಳುತ್ತಾನೆ. ಪಾಪ, ಮೈಮೇಲಿನ ವೇಷವನ್ನೇ ತೋರಿಸುತ್ತಾನೆ. ನಡೆಯಲ್ಲ!

ಹುಡುಗಿ ಬಿದ್ದು ಬಿದ್ದು ನಕ್ಕಳು. "ಆಧಾರ್ ಇಲ್ವಾ ಅವನಿಗೆ?" ಮೆಣಸಿನಕಾಯಿ ಎಣ್ಣೆಯ ಬೆರಳು ಅದೇ ಪುಟದ ಮೇಲೆ ಬಿತ್ತು. ಕಲೆ ಇವತ್ತಿಗೂ ಇದೆ, ಬ್ಯಾಂಕಿನವನ ಮುಖದ ಮೇಲೇ. ಆಮೇಲೆ ಅವನು ಕೆಲಸ ಕೇಳಿಕೊಂಡು ಫೆಂಟಾಸ್ಟಿಕ್ ಫೋರ್ ಅನ್ನುವ ಸೂಪರ್‌ಹೀರೋ ತಂಡದ ಹತ್ತಿರ ಹೋಗುತ್ತಾನೆ, ನಮ್ಮಲ್ಲಿ ಸಂಬಳ ಇಲ್ಲಪ್ಪ ಅಂತ ಅವರು ಹೇಳಿ ಕಳಿಸುತ್ತಾರೆ. ಈ ಎರಡು ಅವಮಾನ ಸಾಕು, ಓದುವವರು ಅವನ ಕಡೆ ಆಗಿಬಿಡುತ್ತಾರೆ. ಗೊತ್ತಿಲ್ಲದ ಇಂಗ್ಲಿಷ್ ಪದಗಳನ್ನು ಹಾರಿಸಿಕೊಂಡೇ ಓದಿದಳು. ಕಥೆ ಹಿಡಿದರೆ ಪದ ಅಡ್ಡ ಬರುವುದಿಲ್ಲ.

ನಡುವೆ ಭಾವ ಬಂದು ಹೋದರು. "ಇವೆಲ್ಲ ಏನ್ರೀ, ನಮ್ಮ ಫ್ಯಾಂಟಮ್ ಮುಂದೆ!" ಅಂದರು. ಫ್ಯಾಂಟಮ್ 1936ರವನು, ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ದೊಡ್ಡವನು. ಶಕ್ತಿಗಿಕ್ತಿ ಏನೂ ಇಲ್ಲ, ತಲೆಬುರುಡೆ ಉಂಗುರ, ತೋಳ, ಕುದುರೆ ಅಷ್ಟೇ. ಭಾವನ ಪ್ರೀತಿ ಅರ್ಥವಾಗುತ್ತದೆ. ಆದರೆ ಕಾಡಿನ ಜನರನ್ನೆಲ್ಲ ಒಬ್ಬ ಬಿಳಿಯ ಬಂದು ಕಾಯಬೇಕು ಅನ್ನುವುದು ಈಗ ಓದಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಂತ ಅವರ ಮುಂದೆ ಹೇಳಲಿಲ್ಲ.

ಹಾಗಾದರೆ ಸ್ಪೈಡರ್‌ಮ್ಯಾನ್ ಗೆದ್ದ ಅಂತ ನಾನೂ ಅಂದುಕೊಂಡಿದ್ದೆ. ಊರಿಗೆ ಹೊರಡುವ ಹಿಂದಿನ ದಿನ ಹುಡುಗಿ ತಾನೇ ಕಪಾಟು ತಡಕಿ, ನಾನು ಲೆಕ್ಕಕ್ಕೇ ತಗೊಳ್ಳದ ಒಂದು ಪುಸ್ತಕ ಎಳೆದಳು: 2014ರ 'ಮಿಸ್ ಮಾರ್ವೆಲ್'. ಕಮಲಾ ಖಾನ್, ಜೆರ್ಸಿ ಸಿಟಿಯ ಹದಿನಾರರ ಹುಡುಗಿ, ಅಪ್ಪ ಅಮ್ಮ ಪಾಕಿಸ್ತಾನ ಮೂಲದವರು. ಮೊದಲ ಪುಟದಲ್ಲೇ ಅಂಗಡಿಯೊಂದರಲ್ಲಿ ನಿಂತು, ತಾನು ತಿನ್ನುವ ಹಾಗಿಲ್ಲದ ಹಂದಿಮಾಂಸದ ವಾಸನೆಯನ್ನಷ್ಟೇ ಮೂಸುತ್ತಿರುತ್ತಾಳೆ. ಅಕ್ಕನ ಮನೆಗೆ ಮೊಟ್ಟೆಯೂ ತರುವ ಹಾಗಿಲ್ಲ. ನಮ್ಮ ಹುಡುಗಿ ಆಮ್ಲೆಟ್ ಗಾಡಿ ಹತ್ತಿರ ನಿಧಾನ ನಡೆಯುವುದನ್ನು ನಾನೇ ನೋಡಿದ್ದೇನೆ. ಬಸ್ಸಿನಲ್ಲಿ ಓದುತ್ತೇನೆ ಅಂತ ಬ್ಯಾಗಿಗೆ ಹಾಕಿಕೊಂಡಳು. ಬಸ್ಸು ಚಿತ್ರದುರ್ಗ ತಲುಪುವ ಮೊದಲೇ ಫೋನು: "ಮಾಮಾ, ಎರಡನೇ ಭಾಗ ಇದೆಯಾ?"

ಇರಲಿಲ್ಲ. ಆವತ್ತೇ ಆರ್ಡರ್ ಮಾಡಿದೆ. ಬ್ಯಾಟ್‌ಮ್ಯಾನ್ ಮಾತ್ರ ಇನ್ನೂ ಗೆಳೆಯನ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇದೆ. ಕೇಳಿದಾಗಲೆಲ್ಲ "ಇನ್ನೊಂದು ಸಲ ಓದಿ ಕೊಡ್ತೀನಿ" ಅನ್ನುತ್ತಾನೆ.