ಇಲಿಯ ಮಿದುಳಿಗೆ ಔಷಧ: ಮೂರು ಬಗೆಯ ಪಂಪ್‌ಗಳ ಹೋಲಿಕೆ

ರಕ್ತದಲ್ಲಿರುವ ಹೆಚ್ಚಿನ ವಸ್ತುಗಳನ್ನು ಮಿದುಳಿಗೆ ಬಿಡದ ರಕ್ತ-ಮಿದುಳು ತಡೆಯನ್ನು ದಾಟಲಾರದ ಔಷಧವನ್ನು ಇಲಿಯ ಮಿದುಳಿಗೆ ನೇರವಾಗಿ ತಲುಪಿಸಬೇಕಾದಾಗ ಪ್ರಯೋಗಾಲಯದಲ್ಲಿ ಮುಖ್ಯವಾಗಿ ಮೂರು ಸಾಧನಗಳು ಸಿಗುತ್ತವೆ: ಚರ್ಮದಡಿ ಹುದುಗಿಸುವ ಆಸ್ಮಾಟಿಕ್ ಪಂಪ್, ಮೇಜಿನ ಮೇಲಿಟ್ಟು ನಡೆಸುವ ಸಿರಿಂಜ್ ಪಂಪ್ ಮತ್ತು ಹರಿವಿನ ವೇಗವನ್ನು ಮೊದಲೇ ನಿಗದಿಪಡಿಸಬಹುದಾದ, ಚರ್ಮದಡಿಯೇ ಹುದುಗಿಸುವ ಬ್ಯಾಟರಿ ಪಂಪ್. ಮೂರನ್ನೂ ಬಳಸಿ ನೋಡಿರುವ ನನ್ನ ಅಭಿಪ್ರಾಯದಲ್ಲಿ, ಮಿದುಳಿನಲ್ಲಿ ಔಷಧದ ಮಟ್ಟ ಎಷ್ಟು ಕಾಲ, ಎಂಥ ಏರಿಳಿತದೊಡನೆ ಇರಬೇಕು ಎಂಬುದೇ ಆಯ್ಕೆಯನ್ನು ನಿರ್ಧರಿಸಬೇಕು. ಬೆಲೆ ಮತ್ತು ಅನುಕೂಲದ ಮಾತು ಆಮೇಲಿನದು.

ಒಂದು ವಾರಕ್ಕಿಂತ ಹೆಚ್ಚು ಕಾಲ ಒಂದೇ ಸಮನಾಗಿ ಔಷಧ ಕೊಡುವುದಿದ್ದರೆ ನಾನು ಆಸ್ಮಾಟಿಕ್ ಪಂಪನ್ನೇ ಆರಿಸುತ್ತೇನೆ. ಇದರ ಹೊರಪದರ ನೀರನ್ನು ಮಾತ್ರ ಒಳಬಿಡುವ ಅರೆಪಾರಕ ಪೊರೆ. ಅದರೊಳಗಿನ ಉಪ್ಪಿನ ಪದರವು ಸುತ್ತಲಿನ ಅಂಗಾಂಶದಿಂದ ನೀರನ್ನು ಎಳೆದುಕೊಂಡು ಹಿಗ್ಗಿ, ನಡುವಿನ ಮೆತ್ತನೆಯ ಔಷಧಕೋಶವನ್ನು ಹಿಂಡುತ್ತದೆ. ಬ್ಯಾಟರಿಯಾಗಲೀ ಚಲಿಸುವ ಭಾಗವಾಗಲೀ ಇಲ್ಲ. ಸುಂಡಿಲಿಗಳಿಗೆ ಹೆಚ್ಚಾಗಿ ಬಳಸುವ ಆಲ್ಜೆಟ್ 1002 ಮಾದರಿಯು ಸುಮಾರು 100 ಮೈಕ್ರೋಲೀಟರ್ ದ್ರಾವಣ ಹಿಡಿದು, ಗಂಟೆಗೆ 0.25 ಮೈಕ್ರೋಲೀಟರಿನಂತೆ 14 ದಿನ ಹರಿಸುತ್ತದೆ. ಸುಂಡಿಲಿಯ ದೇಹದಲ್ಲಿ ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ಮಸ್ತಿಷ್ಕಮೇರು ದ್ರವ ಇರುವುದೇ ಸುಮಾರು 35ರಿಂದ 40 ಮೈಕ್ರೋಲೀಟರ್; ಅದು ನಿಮಿಷಕ್ಕೆ ಸುಮಾರು 0.3 ಮೈಕ್ರೋಲೀಟರಿನಂತೆ ಹೊಸದಾಗಿ ಸ್ರವಿಸುತ್ತಿರುತ್ತದೆ. ಹಾಗಾಗಿ ಇಷ್ಟು ಮಂದವಾದ ಹರಿವಿನಿಂದ ಈ ದ್ರವ ತುಂಬಿರುವ ಮಿದುಳಿನ ಕುಹರದೊಳಗಿನ ಒತ್ತಡ ಏರುವುದಿಲ್ಲ. ಪ್ರಾಣಿಯನ್ನು ದಿನವೂ ಹಿಡಿದು ಚುಚ್ಚಬೇಕಾಗಿಲ್ಲದಿರುವುದು ಇನ್ನೂ ದೊಡ್ಡ ಅನುಕೂಲ, ಏಕೆಂದರೆ ಹಿಡಿಯುವಿಕೆಯೇ ಕಾರ್ಟಿಕೊಸ್ಟೆರೋನ್ ಎಂಬ ಸ್ಟ್ರೆಸ್ ಹಾರ್ಮೋನನ್ನು ಏರಿಸಿ, ನಾವು ಅಳೆಯಹೊರಟ ವರ್ತನೆಯನ್ನು ಕದಡುತ್ತದೆ.

ಆದರೆ ಈ ಪಂಪ್ ಎಚ್ಚರವನ್ನು ಬೇಡುತ್ತದೆ. ತುಂಬುವಾಗ ಗುಳ್ಳೆ ಉಳಿದರೆ ಹರಿವು ಕೆಡುತ್ತದೆ. ಆದ್ದರಿಂದ ಖಾಲಿ ಪಂಪನ್ನೊಮ್ಮೆ, ತುಂಬಿದ ಪಂಪನ್ನೊಮ್ಮೆ ತೂಗಿ, ಮಿಲಿಗ್ರಾಂ ವ್ಯತ್ಯಾಸವನ್ನು ಹೆಚ್ಚುಕಡಿಮೆ ಮೈಕ್ರೋಲೀಟರ್ ಎಂದೇ ಓದಿಕೊಳ್ಳುತ್ತೇನೆ, ಶೇ. 90ಕ್ಕಿಂತ ಕಡಿಮೆ ತುಂಬಿದ್ದರೆ ಮತ್ತೆ ತುಂಬುತ್ತೇನೆ. ಔಷಧ ಹೊರಬರುವ ನಳಿಕೆಯಾದ ಹರಿವು ನಿಯಂತ್ರಕವನ್ನು ಒತ್ತಿ ಕೂರಿಸುವಾಗ ಪಂಪಿನ ಬಾಯಿಯಲ್ಲಿ ಸಣ್ಣ ಹನಿಯೊಂದು ಉಕ್ಕಿ ಬರಬೇಕು. ಅದನ್ನು ಒರೆಸಿದ ಮೇಲಷ್ಟೇ ಎರಡನೆಯ ತೂಕ. ಅನಂತರ ಕೊಳವೆ ಮತ್ತು ಮಿದುಳಿನೊಳಗೆ ಇಳಿಸುವ ಸಣ್ಣ ನಳಿಕೆಯಾದ ಕ್ಯಾನ್ಯುಲಾ ಜೋಡಿಸಿ, 37 ಡಿಗ್ರಿ ಸೆಲ್ಸಿಯಸ್‌ನ ಸಲೈನ್‌ನಲ್ಲಿ ಒಂದು ರಾತ್ರಿಯಾದರೂ ಇಡಬೇಕು. 28 ದಿನಗಳ ಮಂದ ಮಾದರಿಗಳಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಇದನ್ನು ಬಿಟ್ಟರೆ ಹರಿವು ಆರಂಭವಾಗುವ ಮೊದಲೇ ಕ್ಯಾನ್ಯುಲಾದ ತುದಿಯನ್ನು ಅಂಗಾಂಶ ಮುಚ್ಚಿಬಿಡಬಹುದು. ಔಷಧವೂ ಎರಡು ವಾರ ದೇಹದ ಶಾಖದಲ್ಲಿ ಕೆಡದೆ ಉಳಿಯುವಂಥದ್ದಾಗಿರಬೇಕು. ಪ್ರೋಟೀನುಗಳು ಕೊಳವೆಯ ಗೋಡೆಗೆ ಅಂಟಿಕೊಳ್ಳುವುದರಿಂದ ಅವುಗಳ ಜೊತೆ ಆಲ್ಬುಮಿನ್ ಬೆರೆಸುವ ರೂಢಿಯಿದೆ. ಒಮ್ಮೆ ಹುದುಗಿಸಿದ ಮೇಲೆ ಪ್ರಮಾಣವನ್ನು ಬದಲಿಸುವಂತಿಲ್ಲ ಎಂಬುದು ಇದರ ನಿಜವಾದ ಮಿತಿ.

ಮಿದುಳಿನ ಒಂದು ನಿರ್ದಿಷ್ಟ ಕೇಂದ್ರಕ್ಕೆ ಅಲ್ಪ ಪ್ರಮಾಣವನ್ನು ನಿಮಿಷಗಳೊಳಗೆ ಸೇರಿಸಿ ಒಡನೆಯೇ ಪರಿಣಾಮವನ್ನು ನೋಡಬೇಕಾದಾಗ ಸಿರಿಂಜ್ ಪಂಪಿಗೆ ಸಾಟಿಯಿಲ್ಲ. ನಿಮಿಷಕ್ಕೆ ಸುಮಾರು 0.1 ಮೈಕ್ರೋಲೀಟರಿನಂತೆ ನಿಧಾನವಾಗಿ ಹರಿಸಿ, ಮುಗಿದ ಮೇಲೆ ಸೂಜಿಯನ್ನು ಐದರಿಂದ ಹತ್ತು ನಿಮಿಷ ಅಲ್ಲೇ ಬಿಟ್ಟರೆ ದ್ರಾವಣ ಸೂಜಿಯ ಗುಂಟ ಮೇಲೇರಿ ಬರುವುದು ಕಡಿಮೆಯಾಗುತ್ತದೆ. ಪರದೆಯ ಮೇಲಿನ ಅಂಕಿಯನ್ನು ಮಾತ್ರ ನಂಬಬಾರದು. ಕೊಳವೆಯಲ್ಲಿ ಔಷಧವನ್ನು ತಳ್ಳುವ ನೀರಿಗೂ ಔಷಧಕ್ಕೂ ನಡುವೆ ಬೇಕೆಂದೇ ಒಂದು ಚಿಕ್ಕ ಗಾಳಿಗುಳ್ಳೆ ಬಿಟ್ಟು ಅದರ ಪಕ್ಕ ಗುರುತು ಹಾಕಬೇಕು; 0.28 ಮಿಲಿಮೀಟರ್ ಒಳವ್ಯಾಸದ ಪಿಇ-10 ಎಂಬ ಸಪೂರ ಪ್ಲಾಸ್ಟಿಕ್ ಕೊಳವೆಯಲ್ಲಿ ಅರ್ಧ ಮೈಕ್ರೋಲೀಟರ್ ಹರಿದರೆ ಗುಳ್ಳೆ ಸುಮಾರು 8 ಮಿಲಿಮೀಟರ್ ಸರಿಯುತ್ತದೆ. ಮೋಟಾರು ತಿರುಗುತ್ತಿದ್ದರೂ ಗುಳ್ಳೆ ಸರಿಯದಿದ್ದರೆ ಎಲ್ಲೋ ಕಟ್ಟಿಕೊಂಡಿದೆ ಅಥವಾ ಸೋರುತ್ತಿದೆ ಎಂದೇ ಅರ್ಥ. ಇದೇ ಪಂಪನ್ನು ಪ್ರಾಣಿಯೊಡನೆ ತಿರುಗುವ ಜೋಡಣೆಯಾದ ಸ್ವಿವೆಲ್ ಮತ್ತು ಉದ್ದನೆಯ ಕೊಳವೆಯೊಂದಿಗೆ ದಿನಗಟ್ಟಲೆ ನಡೆಸಬಹುದಾದರೂ ಅದನ್ನು ನಾನು ಶಿಫಾರಸು ಮಾಡುವುದಿಲ್ಲ: ಇಲಿ ಕೊಳವೆಯನ್ನು ಕಚ್ಚುತ್ತದೆ, ಕೊಳವೆ ತಿರುಚಿಕೊಳ್ಳುತ್ತದೆ, ಪ್ರಾಣಿಯನ್ನು ಒಂಟಿಯಾಗಿಯೇ ಇಡಬೇಕಾಗುತ್ತದೆ.

ಬ್ಯಾಟರಿ ಪಂಪ್‌ಗಳು, ಉದಾಹರಣೆಗೆ ಐಪ್ರೆಸಿಯೊ, ದುಬಾರಿ. ದೊಡ್ಡ ಇಲಿಗೆ ಹೊಂದುತ್ತವೆ, ಸುಂಡಿಲಿಯ ಬೆನ್ನಿಗೆ ಅವುಗಳ ಚಿಕ್ಕ ಮಾದರಿಯೂ ಭಾರವೇ. ಔಷಧದ ಲಯವೇ ಪ್ರಶ್ನೆಯಾದಾಗ ಮಾತ್ರ ಈ ವೆಚ್ಚ ಸಾರ್ಥಕ. ಲಯ ಎಷ್ಟು ಮುಖ್ಯವೆಂಬುದನ್ನು ಅರ್ನ್‌ಸ್ಟ್ ನೋಬಿಲ್ ಅವರ ತಂಡ 1978ರಲ್ಲಿ ಕೋತಿಗಳಲ್ಲಿ ತೋರಿಸಿತ್ತು: ಪಿಟ್ಯುಟರಿಯಿಂದ ಸಂತಾನೋತ್ಪತ್ತಿ ಹಾರ್ಮೋನುಗಳನ್ನು ಹೊರಡಿಸುವ ಜಿಎನ್‌ಆರ್‌ಎಚ್ ಹಾರ್ಮೋನನ್ನು ಗಂಟೆಗೊಮ್ಮೆ ಬಿಟ್ಟುಬಿಟ್ಟು ಕೊಟ್ಟಾಗ ಪಿಟ್ಯುಟರಿ ಗ್ರಂಥಿ ಸ್ಪಂದಿಸಿತು, ಎಡೆಬಿಡದೆ ಹರಿಸಿದಾಗ ಅದೇ ಹಾರ್ಮೋನಿನಿಂದ ಸ್ರವಿಕೆ ಕುಗ್ಗಿತು. ಇಂಥ ಪ್ರಶ್ನೆಗೆ ಆಸ್ಮಾಟಿಕ್ ಪಂಪಿನ ಸಮಹರಿವು ತಪ್ಪು ಉತ್ತರವನ್ನೇ ಕೊಡುತ್ತದೆ. ದೀಪ ಆರಿದ ಮೇಲೆ, ಇಲಿಗಳು ಚುರುಕಾಗಿರುವ ಹೊತ್ತಿಗೆ ಮಾತ್ರ ಔಷಧ ಹರಿಯುವಂತೆ ಮಾಡಬಹುದಾದದ್ದೂ, ಖಾಲಿಯಾದಾಗ ಚರ್ಮದ ಮೂಲಕ ಸೂಜಿಯಿಂದ ಮತ್ತೆ ತುಂಬಬಹುದಾದದ್ದೂ ಹುದುಗಿಸುವ ಈ ಎರಡು ಪಂಪ್‌ಗಳಲ್ಲಿ ಬ್ಯಾಟರಿ ಪಂಪ್ ಮಾತ್ರ.

ಹುದುಗಿಸುವ ಪಂಪ್ ಯಾವುದೇ ಆಗಿರಲಿ, ಬರೀ ಸಲೈನ್ ತುಂಬಿದ ಅದೇ ಪಂಪನ್ನು ಹೊತ್ತ ಇನ್ನೊಂದು ಗುಂಪು ಇರಲೇಬೇಕು, ಏಕೆಂದರೆ ಪಂಪಿನಿಂದಾದ ಬೆನ್ನಿನ ಗಂಟು, ಕ್ಯಾನ್ಯುಲಾವನ್ನು ಹಿಡಿದಿಡುವ ತಲೆಯ ಮೇಲಿನ ಡೆಂಟಲ್ ಸಿಮೆಂಟ್ ಮತ್ತು ಶಸ್ತ್ರಚಿಕಿತ್ಸೆ, ಇವು ತಾವಾಗಿಯೇ ಪ್ರಾಣಿಯ ನಡೆಯನ್ನು ಬದಲಿಸಬಲ್ಲವು. ಪ್ರಯೋಗ ಮುಗಿದಾಗ ಪಂಪಿನಲ್ಲಿ ಉಳಿದ ದ್ರಾವಣವನ್ನು ಸಪೂರ ಸೂಜಿಯಿಂದ ಎಳೆದು ಅಳೆಯುವುದನ್ನೂ, ಕ್ಯಾನ್ಯುಲಾದ ಮೂಲಕ ಮೀಥೈಲೀನ್ ಬ್ಲೂ ಹಾಯಿಸಿ ಮಿದುಳನ್ನು ಸೀಳಿದಾಗ ಕುಹರದ ಗೋಡೆ ನೀಲಿಯಾಗಿದೆಯೇ ಎಂದು ನೋಡುವುದನ್ನೂ ನಾನು ಬಿಡುವುದಿಲ್ಲ. ನೀಲಿ ಕಾಣದ ಪ್ರಾಣಿಯ ದತ್ತಾಂಶವನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ.