ಲೈಟ್‌ರೂಮ್‌ನ ಡೀಟೇಲ್ ಪ್ಯಾನೆಲ್: ನಾಲ್ಕು ಸ್ಲೈಡರ್‌ಗಳಲ್ಲಿ ಕೊನೆಯದೇ ಚಿನ್ನ

ಫೋಟೋ ಶಾರ್ಪ್ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಯಾರು ಕೇಳಿದರೂ ನಾನು ಹೇಳುವುದು ಲೈಟ್‌ರೂಮ್ ಕ್ಲಾಸಿಕ್. ಅದರ ಡೆವಲಪ್ ಮಾಡ್ಯೂಲ್‌ನಲ್ಲಿರುವ ಡೀಟೇಲ್ ಪ್ಯಾನೆಲ್. ಬೇರೆಯವಕ್ಕಿಂತ ಜಾಸ್ತಿ ಶಾರ್ಪ್ ಮಾಡುತ್ತದೆ ಅಂತ ಅಲ್ಲ. ಎಲ್ಲಿ ಶಾರ್ಪ್ ಮಾಡಬಾರದು ಅನ್ನುವುದನ್ನು ಇಷ್ಟು ಸಲೀಸಾಗಿ ಕಣ್ಣಿಗೆ ತೋರಿಸುವ ಇನ್ನೊಂದು ಟೂಲ್ ನಾನು ಬಳಸಿಲ್ಲ.

ಮೊದಲು ಒಂದು ವಿಷಯ. ಶಾರ್ಪನಿಂಗ್ ಫೋಟೋಗೆ ಹೊಸ ವಿವರ ಏನನ್ನೂ ತಂದು ಹಾಕುವುದಿಲ್ಲ. ಕಪ್ಪು ಭಾಗ ಬಿಳಿ ಭಾಗಕ್ಕೆ ತಾಗುವ ಅಂಚು ಇರುತ್ತದಲ್ವಾ, ಅಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡುತ್ತದೆ, ಅಷ್ಟೇ. ನಮ್ಮ ಕಣ್ಣು ಅದನ್ನು ಸ್ಪಷ್ಟತೆ ಅಂದುಕೊಳ್ಳುತ್ತದೆ. ಅನ್‌ಶಾರ್ಪ್ ಮಾಸ್ಕ್ ಅನ್ನುವ ವಿಧಾನ ಫಿಲ್ಮ್ ಕಾಲದ್ದು. ಡಾರ್ಕ್‌ರೂಮ್‌ನಲ್ಲಿ ನೆಗೆಟಿವ್‌ನಿಂದ ಒಂದು ಮಸುಕು ಪಾಸಿಟಿವ್ ಮಾಡಿ, ಎರಡನ್ನೂ ಒಂದರ ಮೇಲೊಂದು ಇಟ್ಟು ಪ್ರಿಂಟ್ ತೆಗೆಯುತ್ತಿದ್ದರು. ಸಾಫ್ಟ್‌ವೇರ್ ಮಾಡುವುದೂ ಅದೇ ಲೆಕ್ಕ: ಚಿತ್ರದ ಮಸುಕು ಪ್ರತಿಯನ್ನು ಮೂಲದಿಂದ ಕಳೆದು, ಉಳಿದ ವ್ಯತ್ಯಾಸವನ್ನು ಮತ್ತೆ ಮೂಲಕ್ಕೇ ಕೂಡಿಸುವುದು.

ಹಾಗಾದರೆ ಒಳ್ಳೆಯ ಕ್ಯಾಮೆರಾ, ಒಳ್ಳೆಯ ಲೆನ್ಸ್ ಇದ್ದವರಿಗೂ ಇದು ಯಾಕೆ ಬೇಕು? ಸೆನ್ಸರ್‌ನ ಒಂದೊಂದು ಪಿಕ್ಸೆಲ್ ಕೆಂಪು, ಹಸಿರು, ನೀಲಿ, ಈ ಮೂರರಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದ ಎರಡನ್ನು ಅಕ್ಕಪಕ್ಕದ ಪಿಕ್ಸೆಲ್ ನೋಡಿ ಅಂದಾಜು ಮಾಡಬೇಕು. ಆ ಅಂದಾಜಿನಲ್ಲಿ ಸ್ವಲ್ಪ ಮಸುಕು ಬಂದೇ ಬರುತ್ತದೆ. ಅದರ ಮೇಲೆ ಎಷ್ಟೋ ಕ್ಯಾಮೆರಾಗಳಲ್ಲಿ ಬಟ್ಟೆಯ ನೇಯ್ಗೆಯಂಥ ಸಣ್ಣ ವಿನ್ಯಾಸಗಳ ಮೇಲೆ ನಿಜಕ್ಕೂ ಇಲ್ಲದ ಅಲೆಯಂಥ ಪಟ್ಟಿಗಳು (moiré) ಬರದಿರಲಿ ಅಂತ ಸೆನ್ಸರ್ ಮುಂದೆ, ಚಿತ್ರವನ್ನು ತುಸು ಮಸುಕು ಮಾಡುವ ಲೋ ಪಾಸ್ ಫಿಲ್ಟರ್ ಕೂಡ ಇರುತ್ತದೆ. ಜೆಪೆಗ್‌ನಲ್ಲಿ ತೆಗೆದರೆ ಕ್ಯಾಮೆರಾವೇ ಒಳಗೆ ಶಾರ್ಪ್ ಮಾಡಿ ಕೊಟ್ಟಿರುತ್ತದೆ, ಸೆನ್ಸರ್ ಅಳೆದದ್ದನ್ನು ಹಾಗೇ ಇಟ್ಟುಕೊಡುವ ರಾ ಫೈಲ್‌ನಲ್ಲಿ ಆ ಕೆಲಸ ನಮ್ಮದು. ಲೈಟ್‌ರೂಮ್ ಈ ವ್ಯತ್ಯಾಸವನ್ನು ಸರಿಯಾಗಿ ಗಮನಿಸುತ್ತದೆ. ರಾ ಫೈಲ್ ತೆರೆದರೆ, ಎಷ್ಟು ಶಾರ್ಪ್ ಮಾಡಬೇಕು ಅನ್ನುವ ಅಮೌಂಟ್ ಸ್ಲೈಡರ್ 40ಕ್ಕೆ ನಿಂತಿರುತ್ತದೆ, ಜೆಪೆಗ್ ತೆರೆದರೆ 0. ನನಗೆ ಇದು ತುಂಬಾ ಇಷ್ಟವಾದ ಸಂಗತಿ, ಏಕೆಂದರೆ ಮೊದಲೇ ಶಾರ್ಪ್ ಆಗಿರುವುದಕ್ಕೆ ಗೊತ್ತಿಲ್ಲದೆ ಇನ್ನೊಂದು ಸುತ್ತು ಹಾಕುವ ಅಪಾಯ ಇದರಿಂದ ತಪ್ಪುತ್ತದೆ.

ಪ್ಯಾನೆಲ್‌ನಲ್ಲಿ ಶಾರ್ಪನಿಂಗ್‌ಗೆ ಇರುವುದು ನಾಲ್ಕು ಸ್ಲೈಡರ್. ಅಮೌಂಟ್ 0ಯಿಂದ 150ರವರೆಗೆ ಹೋಗುತ್ತದೆ, ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ರೇಡಿಯಸ್ 0.5ರಿಂದ 3ರವರೆಗೆ: ಅಂಚಿನ ಸುತ್ತ ಎಷ್ಟು ಅಗಲಕ್ಕೆ ಪರಿಣಾಮ ಹರಡಬೇಕು ಅನ್ನುವುದು. ಹುಲ್ಲು, ಎಲೆ, ಕಲ್ಲಿನ ಮೇಲ್ಮೈ, ಬಟ್ಟೆಯ ನೇಯ್ಗೆ, ಇಂಥ ಸಣ್ಣ ವಿವರ ಇರುವ ಫೋಟೋಗೆ 0.7 ಅಥವಾ 0.8 ಸಾಕು. ಮುಖಕ್ಕೆ 1.2ರಿಂದ 1.4. 2 ದಾಟಿಸುವ ಅಗತ್ಯ ನನಗಂತೂ ಕಂಡಿಲ್ಲ. ದಾಟಿಸಿದರೆ ಬೆಟ್ಟದ ಅಂಚಿಗೂ ಆಕಾಶಕ್ಕೂ ನಡುವೆ ಒಂದು ಬಿಳಿ ಗೆರೆ ಏಳುತ್ತದೆ, ಯಾರೋ ಸೀಮೆಸುಣ್ಣದಲ್ಲಿ ಬೆಟ್ಟದ ಸುತ್ತ ಗೆರೆ ಎಳೆದ ಹಾಗೆ. ಅದಕ್ಕೇ ಹೇಲೋ ಅನ್ನುವುದು. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಅದು ಕಾಣದೇ ಇರುವುದಿಲ್ಲ.

ಮೂರನೆಯದು ಡೀಟೇಲ್. ಇದನ್ನು ಜನ ಸರಿಯಾಗಿ ಅರ್ಥ ಮಾಡಿಕೊಳ್ಳುವುದು ಕಡಿಮೆ. ಕೆಳಗಿನ ಅಂಕಿಗಳಲ್ಲಿ ಇದು ಹೇಲೋ ಬರದ ಹಾಗೆ ತಡೆಯುತ್ತದೆ, ಮೇಲಕ್ಕೆ ಹೋದಂತೆ ಅತಿ ಸಣ್ಣ ವಿವರಗಳನ್ನು ಎತ್ತುತ್ತದೆ. 100ರ ಕಡೆ ಹೋದಾಗ ಒಳಗಿನ ಲೆಕ್ಕವೇ ಬದಲಾಗುತ್ತದೆ, ಮಸುಕು ಹೇಗೆ ಬಂದಿರಬಹುದು ಅಂತ ಊಹಿಸಿ ಅದನ್ನು ಹಿಂದಕ್ಕೆ ತಿರುಗಿಸುವ ಡೀಕಾನ್ವೊಲ್ಯೂಶನ್ ಕಡೆಗೆ ವಾಲುತ್ತದೆ. ಕಡಿಮೆ ಐಎಸ್ಓದಲ್ಲಿ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ), ಟ್ರೈಪಾಡ್ ಮೇಲೆ ತೆಗೆದ ನಿಸರ್ಗದ ಫೋಟೋಗೆ ಇದನ್ನು 50-60ರವರೆಗೆ ಧೈರ್ಯವಾಗಿ ಏರಿಸಬಹುದು. ಐಎಸ್ಓ 3200ರಲ್ಲಿ ತೆಗೆದ ಫೋಟೋಗೆ ಹಾಗೆ ಮಾಡಿದರೆ ನಾಯ್ಸ್‌ನ, ಅಂದರೆ ಫೋಟೋ ತುಂಬ ಹರಡುವ ಚುಕ್ಕೆಗಳ, ಒಂದೊಂದು ಕಾಳೂ ಎದ್ದು ಕೂರುತ್ತದೆ. ಅಂಥ ಫೋಟೋಗೆ ಮೊದಲು ನಾಯ್ಸ್ ಕಡಿಮೆ ಮಾಡಿ, ಆಮೇಲೆ ಶಾರ್ಪನಿಂಗ್‌ಗೆ ಬನ್ನಿ. 2023ರಲ್ಲಿ ಲೈಟ್‌ರೂಮ್‌ಗೆ ಬಂದ ಎಐ ಡಿನಾಯ್ಸ್ ಈ ಕೆಲಸವನ್ನು ತುಂಬಾ ಚೆನ್ನಾಗಿ ಮಾಡುತ್ತದೆ, ಕಂಪ್ಯೂಟರ್‌ನಲ್ಲಿ ಗಟ್ಟಿಯಾದ ಗ್ರಾಫಿಕ್ಸ್ ಕಾರ್ಡ್ ಇರಬೇಕು ಅಷ್ಟೇ.

ಈಗ ನಾಲ್ಕನೆಯದು, ಮಾಸ್ಕಿಂಗ್. ಈ ವಿಮರ್ಶೆ ಬರೆಯುತ್ತಿರುವುದೇ ಇದಕ್ಕಾಗಿ.

ಆಲ್ಟ್ ಕೀ ಒತ್ತಿ ಹಿಡಿದು, ಮ್ಯಾಕ್ ಆದರೆ ಆಪ್ಶನ್ ಕೀ, ಮಾಸ್ಕಿಂಗ್ ಸ್ಲೈಡರ್ ಎಳೆಯಿರಿ. ಫೋಟೋ ಇದ್ದಲ್ಲಿ ಕಪ್ಪು ಬಿಳುಪಿನ ಒಂದು ನಕ್ಷೆ ಕಾಣುತ್ತದೆ. ಬಿಳಿ ಇದ್ದಲ್ಲಿ ಶಾರ್ಪನಿಂಗ್ ಬೀಳುತ್ತದೆ, ಕಪ್ಪು ಇದ್ದಲ್ಲಿ ಇಲ್ಲ. 0ಯಲ್ಲಿ ಇಡೀ ಚಿತ್ರ ಬಿಳಿ. ಏರಿಸುತ್ತಾ ಹೋದರೆ ಮೊದಲು ಆಕಾಶ ಕಪ್ಪಾಗುತ್ತದೆ, ಆಮೇಲೆ ಮಸುಕಾದ ಹಿನ್ನೆಲೆ, ಆಮೇಲೆ ಕೆನ್ನೆ, ಹಣೆ. 70-80ಕ್ಕೆ ಬರುವಷ್ಟರಲ್ಲಿ ಮುಖದ ಫೋಟೋದಲ್ಲಿ ಕಣ್ಣು, ರೆಪ್ಪೆ, ಹುಬ್ಬು, ತುಟಿ, ಕೂದಲಿನ ಗೆರೆ ಮಾತ್ರ ಬಿಳಿಯಾಗಿ ಉಳಿದಿರುತ್ತವೆ. ನೀವೇ ಕೂತು ಬ್ರಷ್ ಹಿಡಿದು ಮಾಸ್ಕ್ ಬರೆದಿದ್ದರೆ ಹೆಚ್ಚು ಕಡಿಮೆ ಇದನ್ನೇ ಬರೆಯುತ್ತಿದ್ದಿರಿ, ಅದಕ್ಕೆ ಒಂದಷ್ಟು ಹೊತ್ತು ಹಿಡಿಯುತ್ತಿತ್ತು. ಇಲ್ಲಿ ಒಂದು ಎಳೆತ. ಚರ್ಮದ ರಂಧ್ರಗಳು ಉಬ್ಬುವುದಿಲ್ಲ, ಆಕಾಶದಲ್ಲಿ ಮರಳು ಚೆಲ್ಲಿದಂತೆ ಕಾಣುವುದಿಲ್ಲ, ಬೇಕಾದ ಕಡೆ ಮಾತ್ರ ಚೂಪು. ಈ ಸ್ಲೈಡರ್ ಸರಿಯಾಗಿ ಇಟ್ಟರೆ ಅಮೌಂಟ್ ಅನ್ನು 70-80ಕ್ಕೆ ಏರಿಸಿದರೂ ಫೋಟೋ ಕೆಡುವುದಿಲ್ಲ. ಆದರೂ ತುಂಬಾ ಜನ ಇದನ್ನು 0ಯಲ್ಲೇ ಬಿಟ್ಟು, ಬರೀ ಅಮೌಂಟ್ ಎಳೆದು, ಲೈಟ್‌ರೂಮ್ ಶಾರ್ಪನಿಂಗ್ ಚೆನ್ನಾಗಿಲ್ಲ ಅನ್ನುತ್ತಾರೆ. ಬೇಜಾರಾಗುತ್ತದೆ.

ಆಲ್ಟ್ ಕೀ ಉಳಿದ ಮೂರು ಸ್ಲೈಡರ್‌ಗಳಿಗೂ ಕೆಲಸ ಮಾಡುತ್ತದೆ. ಅಮೌಂಟ್ ಜೊತೆ ಒತ್ತಿದರೆ ಬಣ್ಣ ಹೋಗಿ ಬೆಳಕು ನೆರಳು ಮಾತ್ರ ಉಳಿಯುತ್ತದೆ, ಬಣ್ಣದ ಗದ್ದಲ ಇಲ್ಲದೆ ಅಂಚುಗಳನ್ನು ನೋಡಬಹುದು. ಇವನ್ನೆಲ್ಲ 100% ಜೂಮ್‌ನಲ್ಲೇ ನೋಡಿ. ಇಡೀ ಫೋಟೋ ಪರದೆಗೆ ಹೊಂದಿಸಿಕೊಂಡು ನೋಡಿದರೆ ಏನೂ ಸರಿಯಾಗಿ ಗೊತ್ತಾಗುವುದಿಲ್ಲ, ಗೊತ್ತಾಗಲಿಲ್ಲ ಅಂತ ಕೈ ತಾನಾಗಿಯೇ ಜಾಸ್ತಿ ಎಳೆಯುತ್ತದೆ. ಪಿಕ್ಸೆಲ್ ತುಂಬಾ ಒತ್ತಾಗಿರುವ ಹೊಸ ಪರದೆಗಳಲ್ಲಿ 200%ಗೂ ಹೋಗಿ ಒಮ್ಮೆ ನೋಡುವುದು ಒಳ್ಳೆಯದು.

ಇಷ್ಟಾದ ಮೇಲೂ ಒಂದು ಜಾಗಕ್ಕೆ ಮಾತ್ರ ಬೇಕು ಅನ್ನಿಸಿದರೆ ಮಾಸ್ಕ್ ಟೂಲ್‌ನಲ್ಲಿ ಬ್ರಷ್ ತೆಗೆದುಕೊಂಡು ಶಾರ್ಪ್‌ನೆಸ್ ಸ್ಲೈಡರ್ ಬಳಸಬಹುದು. ಅದರಲ್ಲಿ ಮೈನಸ್ ಕಡೆ ಎಳೆದರೆ ಇರುವ ಶಾರ್ಪನಿಂಗ್ ಕಮ್ಮಿಯಾಗುತ್ತದೆ, ಮೈನಸ್ 50 ದಾಟಿದರೆ ಆ ಜಾಗ ನಿಜವಾಗಿಯೇ ಮಸುಕಾಗಲು ಶುರುವಾಗುತ್ತದೆ. ಟೆಕ್ಸ್ಚರ್, ಕ್ಲಾರಿಟಿ ಅನ್ನುವ ಸ್ಲೈಡರ್‌ಗಳೆಲ್ಲ ಬೇರೆ ವಿಷಯ, ಅವನ್ನು ಶಾರ್ಪನಿಂಗ್ ಬದಲು ಬಳಸಬೇಡಿ.

ನನಗೆ ಕೊರತೆ ಕಾಣುವುದು ಎಕ್ಸ್‌ಪೋರ್ಟ್‌ನಲ್ಲಿ. ಫೋಟೋ ಚಿಕ್ಕದು ಮಾಡಿದಾಗ ಶಾರ್ಪ್‌ನೆಸ್ ಸ್ವಲ್ಪ ಕಳೆದುಹೋಗುತ್ತದೆ, ಅದನ್ನು ತುಂಬಲು ಔಟ್‌ಪುಟ್ ಶಾರ್ಪನಿಂಗ್ ಬೇಕೇ ಬೇಕು. ಲೈಟ್‌ರೂಮ್‌ನಲ್ಲಿ ಅದಕ್ಕೆ ಇರುವುದು ಸ್ಕ್ರೀನ್, ಮ್ಯಾಟ್, ಗ್ಲಾಸಿ ಅನ್ನುವ ಮೂರು ಆಯ್ಕೆ, ಲೋ, ಸ್ಟ್ಯಾಂಡರ್ಡ್, ಹೈ ಅನ್ನುವ ಮೂರು ಮಟ್ಟ. ಫಲಿತಾಂಶ ಚೆನ್ನಾಗಿಯೇ ಇರುತ್ತದೆ. ಆದರೆ ಎಕ್ಸ್‌ಪೋರ್ಟ್ ಮಾಡಿ ಫೈಲ್ ತೆರೆಯುವ ತನಕ ಅದು ಹೇಗೆ ಕಾಣುತ್ತದೆ ಅಂತ ನೋಡುವ ದಾರಿ ಇಲ್ಲ. ಪ್ಯಾನೆಲ್‌ನಲ್ಲಿ ಅಷ್ಟು ಚಂದದ ಪ್ರಿವ್ಯೂ ಕೊಟ್ಟವರು ಇಲ್ಲಿ ಯಾಕೆ ಕೈಬಿಟ್ಟರೋ. ಸ್ಕ್ರೀನ್‌ಗಾದರೆ ಸ್ಟ್ಯಾಂಡರ್ಡ್ ಇಟ್ಟುಬಿಡಿ. ಮ್ಯಾಟ್ ಕಾಗದಕ್ಕೆ ಪ್ರಿಂಟ್ ತೆಗೆಯುವಾಗ ಫೈಲ್ ಪರದೆಯಲ್ಲಿ ಸ್ವಲ್ಪ ಜಾಸ್ತಿ ಶಾರ್ಪ್ ಅನ್ನಿಸಿದರೂ ಗಾಬರಿ ಬೇಡ, ಕಾಗದ ಶಾಯಿ ಹೀರಿ ಹರಡಿಸುವುದರಿಂದ ಪ್ರಿಂಟ್‌ನಲ್ಲಿ ಅದು ಸರಿಹೋಗುತ್ತದೆ.

ಲೈಟ್‌ರೂಮ್‌ನ ಹಾಗೆ ಬಾಡಿಗೆ (ಸಬ್‌ಸ್ಕ್ರಿಪ್ಶನ್) ಲೆಕ್ಕದಲ್ಲಿ ಸಾಫ್ಟ್‌ವೇರ್ ಬೇಡ ಅನ್ನುವವರು ರಾಥೆರಪಿ ನೋಡಿ. ಉಚಿತ. 2020ರಲ್ಲಿ ಬಂದ 5.8ನೇ ಆವೃತ್ತಿಯಿಂದ ಅದರಲ್ಲಿ, ಫೋಟೋ ತೆಗೆಯುವಾಗಲೇ ಬಂದ ಮಸುಕನ್ನು ತಿದ್ದುವ ಕ್ಯಾಪ್ಚರ್ ಶಾರ್ಪನಿಂಗ್ ಇದೆ. ಅದರ ಹಿಂದಿರುವುದು ರಿಚರ್ಡ್‌ಸನ್ ಮತ್ತು ಲೂಸಿ 1970ರ ದಶಕದಲ್ಲಿ ಕೊಟ್ಟ ಲೆಕ್ಕ. 1990ರಲ್ಲಿ ಹಾರಿಸಿದ ಹಬಲ್ ದೂರದರ್ಶಕದ ಕನ್ನಡಿಯಲ್ಲಿ ದೋಷ ಇದ್ದಾಗ, 1993ರಲ್ಲಿ ರಿಪೇರಿ ಆಗುವ ತನಕ, ಅದರ ಮಸುಕು ಚಿತ್ರಗಳನ್ನು ತಿದ್ದಲು ಬಳಸಿದ ವಿಧಾನಗಳಲ್ಲಿ ಇದೂ ಒಂದು. ರಾಥೆರಪಿ ರೇಡಿಯಸ್ ಅನ್ನು ಫೋಟೋ ನೋಡಿ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಕಲ್ಲು, ಎಲೆ, ಕಟ್ಟಡದ ಸಣ್ಣ ವಿವರದಲ್ಲಿ ಅದು ಲೈಟ್‌ರೂಮ್‌ಗೆ ಸರಿಸಾಟಿ, ಕೆಲವು ಫೋಟೋಗಳಲ್ಲಿ ಒಂದು ಕೈ ಮೇಲೆ ಅಂತಲೇ ಹೇಳುತ್ತೇನೆ. ಕಷ್ಟ ಇರುವುದು ಅದರ ಪರದೆಯಲ್ಲಿ, ಎಲ್ಲಿ ನೋಡಿದರೂ ಸ್ಲೈಡರ್. ಹೊಸಬರು ಮೊದಲ ದಿನವೇ ಸುಸ್ತಾಗುತ್ತಾರೆ. ಗಿಂಪ್‌ನಲ್ಲಿ ಅನ್‌ಶಾರ್ಪ್ ಮಾಸ್ಕ್ ಇದೆ, ಚೆನ್ನಾಗಿದೆ, ಆದರೆ ಅಂಚು ಹುಡುಕುವ ಮಾಸ್ಕ್ ಅನ್ನು ಲೇಯರ್ ಹಾಕಿ ನಾವೇ ಕಟ್ಟಿಕೊಳ್ಳಬೇಕು.

ಎಐ ಶಾರ್ಪನಿಂಗ್ ಸಾಫ್ಟ್‌ವೇರ್‌ಗಳ ಬಗ್ಗೆ ನನ್ನ ನಿಲುವು ಬೇರೆ. ಅವು ಮಸುಕು ಕಣ್ಣಿಗೆ ರೆಪ್ಪೆ ಬರೆಯುತ್ತವೆ, ಹಕ್ಕಿಗೆ ಗರಿ ಬರೆಯುತ್ತವೆ, ನೋಡಲು ಚೆನ್ನಾಗಿಯೂ ಇರುತ್ತದೆ. ಆದರೆ ಆ ಗರಿ ಆ ಹಕ್ಕಿಯದಲ್ಲ. ಮನೆಯ ಹಳೇ ಫೋಟೋಗೆ ಬಳಸುತ್ತೀರಾ, ಬಳಸಿ. ಸುದ್ದಿ ಫೋಟೋ, ಹಕ್ಕಿ ಗುರುತಿಸುವ ದಾಖಲೆ, ಇಂಥದ್ದಕ್ಕೆ ಖಂಡಿತ ಬೇಡ. ಕೈ ಅಲುಗಿದ, ಫೋಕಸ್ ಪೂರ್ತಿ ತಪ್ಪಿದ ಫೋಟೋವನ್ನು ಡೀಟೇಲ್ ಪ್ಯಾನೆಲ್ ಕೂಡ ಉಳಿಸುವುದಿಲ್ಲ, ಅದಕ್ಕೆ ಶಟರ್ ವೇಗ ಹೆಚ್ಚಿಸಿ ಮತ್ತೆ ತೆಗೆಯುವುದೇ ಸರಿ.

ಬರೀ ಫೋನ್‌ನಲ್ಲಿ ಜೆಪೆಗ್ ತೆಗೆಯುವವರು ಶಾರ್ಪನಿಂಗ್‌ಗೋಸ್ಕರ ಅಂತ ಲೈಟ್‌ರೂಮ್ ಕ್ಲಾಸಿಕ್ ತೆಗೆದುಕೊಳ್ಳಬೇಡಿ, ಫೋನ್ ಆ ಕೆಲಸವನ್ನು ಮೊದಲೇ, ಬೇಕಾದ್ದಕ್ಕಿಂತ ಜಾಸ್ತಿಯೇ ಮಾಡಿರುತ್ತದೆ. ರಾ ತೆಗೆಯುವವರಾದರೆ, ಅದರಲ್ಲೂ ಮುಖ ಜಾಸ್ತಿ ತೆಗೆಯುವವರಾದರೆ, ತೆಗೆದುಕೊಳ್ಳಿ. ಉಚಿತ ಟ್ರಯಲ್ ಹಾಕಿಕೊಂಡು, ಒಂದು ಮುಖದ ಫೋಟೋ ತೆರೆದು, ಆಲ್ಟ್ ಒತ್ತಿ ಮಾಸ್ಕಿಂಗ್ ಎಳೆದು ನೋಡಿ. ಬೇಕೋ ಬೇಡವೋ ಅಂತ ಅಲ್ಲೇ ತೀರ್ಮಾನ ಮಾಡಬಹುದು.